ಕಾಕಾನ ಗುಳಿಗೆ ಡಬ್ಬಿ: ಬೈಪೋಲಾರ್ ಕಾಯಿಲೆಯ ಔಷಧಗಳು ಏನು ಮಾಡುತ್ತವೆ

ಏಪ್ರಿಲ್ ತಿಂಗಳ ಒಂದು ಸಂಜೆ ಕಾಕಾನ ಕೈಯಲ್ಲಿದ್ದ ಮಜ್ಜಿಗೆ ಲೋಟ ನಡುಗಿ, ಅರ್ಧ ಮಜ್ಜಿಗೆ ಧೋತರದ ಮೇಲೆ ಚೆಲ್ಲಿತು. ಅವರ ಬೆರಳು ಮೊದಲಿಂದಲೂ ಸಣ್ಣಗೆ ನಡುಗುತ್ತಿದ್ದವು, ಅದು ನಮಗೆಲ್ಲ ರೂಢಿ. ಆದರೆ ಇದು ಹಾಗಿರಲಿಲ್ಲ. ಎದ್ದು ನಿಂತರೆ ಒಂದು ಕಡೆ ವಾಲುತ್ತಿದ್ದರು. ಮಾತು ತೊದಲುತ್ತಿತ್ತು. ಬೆಳಿಗ್ಗೆಯಿಂದ ಮೂರು ಸಲ ವಾಂತಿ, ಜೊತೆಗೆ ಭೇದಿ. ಪಕ್ಕದ ತೋಟದವರು ಬಂದು ನೋಡಿ, "ಕುಡದಾರೇನ್ರಿ?" ಎಂದು ಮೆಲ್ಲಗೆ ಕೇಳಿದರು. ಕಾಕಾ ಜೀವಮಾನದಲ್ಲಿ ಕುಡಿದವರಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗ, ಬೈಪೋಲಾರ್ ಕಾಯಿಲೆಗೆಂದು ಕಾಕಾ ನುಂಗುವ ಲಿಥಿಯಂನ ಪ್ರಮಾಣ 2.1 ಬಂತು. ಅವರಿಗೆ ಇರಬೇಕಾದದ್ದು 0.6ರಿಂದ 0.8. ಒಂದು ಗುಳಿಗೆಯನ್ನೂ ಅವರು ಜಾಸ್ತಿ ನುಂಗಿರಲಿಲ್ಲ. ಹತ್ತು ವರ್ಷದಿಂದ ನುಂಗುತ್ತಿದ್ದಷ್ಟೇ ನುಂಗಿದ್ದರು. ಹಾಗಿದ್ದರೂ ರಕ್ತದಲ್ಲಿ ಅದು ಮೂರು ಪಟ್ಟು ಏರಿದ್ದು ಹೇಗೆ? ಇದು ಗೊತ್ತಾದ ಮೇಲೆಯೇ ನನಗೆ ಆ ಗುಳಿಗೆ ಡಬ್ಬಿಯಲ್ಲಿ ಇರುವ ಒಂದೊಂದನ್ನೂ ಅರಿಯಬೇಕು ಎನ್ನಿಸಿದ್ದು. ನಮ್ಮ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಇಂಥ ಡಬ್ಬಿ ಇದೆ. ಆದರೆ ಒಳಗಿರುವುದು ಏನು, ಯಾಕೆ ಎಂದು ಮನೆಯವರಿಗೆ ಯಾರೂ ಕೂತು ಹೇಳಿರುವುದಿಲ್ಲ.

ಮೊದಲು ಕಾಯಿಲೆಯ ಮಾತು. ಬೈಪೋಲಾರ್‌ನಲ್ಲಿ ಮನಸ್ಸಿಗೆ ಎರಡು ತುದಿ. ಒಂದು ಕಡೆ ಉನ್ಮಾದ, ಡಾಕ್ಟರುಗಳು ಮೇನಿಯಾ ಎನ್ನುತ್ತಾರೆ. ಇನ್ನೊಂದು ಕಡೆ ಖಿನ್ನತೆ. ದಿನದಲ್ಲಿ ನಾಲ್ಕು ಸಲ ಸಿಟ್ಟು ಬಂದು ಇಳಿದರೆ ಅದು ಬೈಪೋಲಾರ್ ಅಲ್ಲ. ಮೇನಿಯಾ ಎನ್ನಬೇಕಾದರೆ ಅದು ಸಾಮಾನ್ಯವಾಗಿ ಒಂದು ವಾರವಾದರೂ ಇಳಿಯದೆ ನಿಂತಿರಬೇಕು, ಖಿನ್ನತೆ ಎರಡು ವಾರ. ಹೆಚ್ಚಿನವರಿಗೆ ಹದಿಹರೆಯದ ಕೊನೆಗೆ ಇಲ್ಲವೇ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ನಡುವೆ ತಿಂಗಳು, ವರ್ಷಗಟ್ಟಲೆ ಮನುಷ್ಯ ಪೂರಾ ಆರಾಮಾಗಿ ಇರಬಹುದು. ಮನೆಯವರು ಮೋಸ ಹೋಗುವುದು ಅಲ್ಲಿಯೇ.

ಕಾಕಾಗೆ ಶುರುವಾದದ್ದು ಖಿನ್ನತೆಯಿಂದ. ಆಗ ಅವರಿಗೆ 22. ಗೋಡೆ ಕಡೆ ಮುಖ ಮಾಡಿ ಮಲಗಿದವರು ಸ್ನಾನಕ್ಕೂ ಏಳುತ್ತಿರಲಿಲ್ಲ. "ನಾ ಎಲ್ಲಾರಿಗೂ ಭಾರ ಆಗೀನಿ" ಎನ್ನುತ್ತಿದ್ದರಂತೆ. ಊರಿನ ಹತ್ತಿರದ ಒಬ್ಬ ಡಾಕ್ಟರು ಖಿನ್ನತೆಗೆ ಗುಳಿಗೆ ಕೊಟ್ಟರು. ಮೂರು ವಾರಕ್ಕೆ ಕಾಕಾ ಎದ್ದರು. ಎದ್ದವರು ನಿಲ್ಲಲೇ ಇಲ್ಲ. ನಾಲ್ಕು ರಾತ್ರಿ ನಿದ್ದೆ ಇಲ್ಲ, ಆದರೂ ದಣಿವಿಲ್ಲ. ಒಣದ್ರಾಕ್ಷಿಯನ್ನು ದುಬೈಗೆ ಕಳಿಸುತ್ತೇನೆ ಎಂದು ಎರಡು ಟ್ರ್ಯಾಕ್ಟರಿಗೆ ಮುಂಗಡ ಕೊಟ್ಟರು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಗುರುತಿಲ್ಲದವರಿಗೆಲ್ಲ ನೋಟು ಹಂಚಿದರು. ಮೈಮೇಲೆ ದೇವರು ಬಂದಿದೆ ಎಂದು ಕೆಲವರು, ಗಾಳಿ ಸೋಕಿದೆ ಎಂದು ಕೆಲವರು. ಕೊನೆಗೆ ಧಾರವಾಡದ ಮಾನಸಿಕ ಆಸ್ಪತ್ರೆಗೆ, ಈಗ ಡಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಗೆ, ಕರೆದುಕೊಂಡು ಹೋದರು.

ಆ ಮೊದಲ ಡಾಕ್ಟರನ್ನು ನಾನು ದೂರುವುದಿಲ್ಲ. ಖಿನ್ನತೆ ಒಂದನ್ನೇ ನೋಡಿದವರಿಗೆ ಒಳಗೆ ಬೈಪೋಲಾರ್ ಇದೆ ಎಂದು ಹೇಗೆ ಗೊತ್ತಾಗಬೇಕು? ಆದರೆ ಇದರಲ್ಲಿ ಒಂದು ದೊಡ್ಡ ವಿಷಯವಿದೆ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಗುಳಿಗೆ ಒಂದನ್ನೇ ಕೊಟ್ಟರೆ, ಎಸಿಟಲೋಪ್ರಾಮ್ ಇರಲಿ, ಫ್ಲೂಯೊಕ್ಸೆಟಿನ್ ಇರಲಿ, ಕೆಲವರಲ್ಲಿ ಮನಸ್ಸು ಮೇಲಕ್ಕೆ ಜಿಗಿದು ಮೇನಿಯಾಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಅಂಥ ಗುಳಿಗೆ ಕೊಡಲೇಬೇಕಾದರೆ, ಮೇಲೆ ಹಾರದಂತೆ ಹಿಡಿದಿಡುವ ಇನ್ನೊಂದು ಔಷಧದ ಜೊತೆ ಕೊಡುತ್ತಾರೆ. ಖಿನ್ನತೆ ಎಂದು ಡಾಕ್ಟರ ಹತ್ತಿರ ಹೋದಾಗ, "ಹಿಂದೆ ಯಾವಾಗಲಾದರೂ ನಿದ್ದೆ ಇಲ್ಲದೆಯೂ ಹುರುಪು ಜಾಸ್ತಿ ಇದ್ದ ದಿನಗಳಿದ್ದವು" ಎಂದು ಮನೆಯವರು ತಾವಾಗಿಯೇ ಹೇಳಬೇಕು. ಕಾಯಿಲೆಯವರು ಅದನ್ನು ಹೇಳುವುದಿಲ್ಲ. ಅವರಿಗೆ ಅದು ತಮ್ಮ ಒಳ್ಳೆಯ ದಿನಗಳು.

ಈಗ ಡಬ್ಬಿ ತೆರೆಯೋಣ. ಈ ಔಷಧಗಳಿಗೆ ಮೂರು ಕೆಲಸ. ಏರಿದ್ದನ್ನು ಇಳಿಸುವುದು, ಇಳಿದದ್ದನ್ನು ಎತ್ತುವುದು, ಮತ್ತೆ ಬಾರದಂತೆ ಕಾಯುವುದು. ಮೂರನ್ನೂ ಒಂದೇ ಸಮ ಮಾಡುವ ಗುಳಿಗೆ ಇಲ್ಲ. ಅದಕ್ಕೇ ಚೀಟಿಯಲ್ಲಿ ಎರಡು ಮೂರು ಹೆಸರು ಇರುತ್ತವೆ. ಅದನ್ನು ನೋಡಿ "ಇಷ್ಟೊಂದು ಯಾಕೆ ಬರೆದರು" ಎಂದು ಗಾಬರಿ ಬೇಡ.

ಕಾಯುವ ಕೆಲಸದಲ್ಲಿ ಇವತ್ತಿಗೂ ಮುಂದೆ ನಿಲ್ಲುವುದು ಲಿಥಿಯಂ. ಇದು ಯಾವುದೋ ಕಾರ್ಖಾನೆಯಲ್ಲಿ ಹೊಸದಾಗಿ ಕಟ್ಟಿದ ಅಣು ಅಲ್ಲ. ಭೂಮಿಯಲ್ಲಿ ಸಿಗುವ ಹಗುರ ಲೋಹ, 1817ರಲ್ಲಿ ಒಂದು ಕಲ್ಲಿನಲ್ಲಿ ಪತ್ತೆಯಾದದ್ದು. ಅದರ ಹೆಸರಿಗೂ ಗ್ರೀಕ್ ಭಾಷೆಯ ಕಲ್ಲೇ ಮೂಲ. ನಾವು ನುಂಗುವುದು ಅದರ ಉಪ್ಪನ್ನು, ಲಿಥಿಯಂ ಕಾರ್ಬೊನೇಟ್. ನಮ್ಮಲ್ಲಿ ಸಾಮಾನ್ಯವಾಗಿ 300 ಮಿಲಿಗ್ರಾಂ ಗುಳಿಗೆ ಸಿಗುತ್ತದೆ.

ಇದನ್ನು ಉನ್ಮಾದಕ್ಕೆ ಬಳಸಿ ಜಗತ್ತಿನ ಗಮನಕ್ಕೆ ತಂದವರು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್. ಎರಡನೇ ಮಹಾಯುದ್ಧದಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಸೆರೆಯಲ್ಲಿದ್ದು ಬಂದವರು. ಗಿನಿಯಿಲಿಗಳಿಗೆ ಲಿಥಿಯಂ ಚುಚ್ಚಿದಾಗ ಅವು ತೆಪ್ಪಗಾದದ್ದು ಕಂಡು, ಮೊದಲು ತಾವೇ ನುಂಗಿ ನೋಡಿ, ಆಮೇಲೆ ಹತ್ತು ಮಂದಿ ಉನ್ಮಾದದ ರೋಗಿಗಳಿಗೆ ಕೊಟ್ಟರು. 1949ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ವರ್ಷಗಟ್ಟಲೆ ಆಸ್ಪತ್ರೆಯ ಗೋಡೆಯೊಳಗೇ ಇದ್ದ ಮನುಷ್ಯ ಎದ್ದು ಮನೆಗೆ ಹೋದದ್ದು ಆ ಹತ್ತರಲ್ಲಿ ಸೇರಿದೆ.

ಅದೇ 1949ರಲ್ಲಿ ಅಮೆರಿಕದಲ್ಲಿ ಇನ್ನೊಂದು ಘಟನೆ ನಡೆಯಿತು. ನನಗೆ ಕಾಕಾನ ಏಪ್ರಿಲ್ ಅರ್ಥವಾದದ್ದು ಇದನ್ನು ಓದಿದ ಮೇಲೆ. ಹೃದಯದ ಕಾಯಿಲೆಯವರು ಅಡುಗೆ ಉಪ್ಪು ಬಿಡಬೇಕಲ್ವಾ? ಅವರಿಗಾಗಿ ಅಲ್ಲಿ ಲಿಥಿಯಂ ಕ್ಲೋರೈಡನ್ನು ಉಪ್ಪಿನ ಬದಲಿಗೆ ಮಾರುತ್ತಿದ್ದರು. ಜನ ಊಟದ ಮೇಲೆ ಉದುರಿಸಿಕೊಂಡು ತಿಂದರು. ವಿಷವೇರಿ ಕೆಲವರು ಸತ್ತರು. ಸರ್ಕಾರ ಅದನ್ನು ಅಂಗಡಿಗಳಿಂದ ತೆಗೆಸಿತು. ಆ ಭಯದಿಂದ ಅಮೆರಿಕದಲ್ಲಿ ಲಿಥಿಯಂ ಗುಳಿಗೆಗೆ ಒಪ್ಪಿಗೆ ಸಿಗಲು 1970 ಆಯಿತು.

ಅವರು ಸತ್ತದ್ದು ಬರೀ ಲಿಥಿಯಂ ತಿಂದದ್ದಕ್ಕೆ ಅಲ್ಲ. ಸೋಡಿಯಂ ಬಿಟ್ಟು ಲಿಥಿಯಂ ತಿಂದದ್ದಕ್ಕೆ. ನಮ್ಮ ಕಿಡ್ನಿಗೆ ಲಿಥಿಯಂ ಯಾವುದು, ಅಡುಗೆ ಉಪ್ಪಿನ ಸೋಡಿಯಂ ಯಾವುದು ಎಂದು ಸರಿಯಾಗಿ ಗುರುತು ಹತ್ತುವುದಿಲ್ಲ. ಎರಡೂ ಒಂದೇ ಕುಲದ ಲೋಹಗಳು. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಾಗ ಕಿಡ್ನಿ ಹೊರಗೆ ಹೋಗುತ್ತಿರುವ ಉಪ್ಪನ್ನು ವಾಪಸ್ ಎಳೆದುಕೊಳ್ಳುತ್ತದೆ. ಬರಗಾಲದಲ್ಲಿ ಕೆರೆಯ ತೂಬು ಮುಚ್ಚಿದ ಹಾಗೆ. ಸೋಡಿಯಂ ಎಳೆದುಕೊಳ್ಳುವಾಗ ಲಿಥಿಯಂ ಕೂಡ ಜೊತೆಗೆ ಒಳಗೆ ಬರುತ್ತದೆ. ಹೊರಗೆ ಹೋಗಬೇಕಾದದ್ದು ಹೋಗದೆ ರಕ್ತದಲ್ಲಿ ಏರುತ್ತದೆ.

ಈಗ ನಮ್ಮ ಊರಿನ ಬೇಸಿಗೆ ನೆನೆಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ತಿಕೋಟಾ ಕಡೆ ಆ ಹೊತ್ತಿಗೆ ದ್ರಾಕ್ಷಿ ಕೊಯ್ದು ಒಣಗಿಸುವ ಶೆಡ್ಡುಗಳಲ್ಲಿ ಕೆಲಸ ಜೋರು. ಕಾಕಾ ವಾರವಿಡೀ ಬೆವರು ಸುರಿಸಿದ್ದರು. ಟ್ರೇ ಎತ್ತಿ ಎತ್ತಿ ಸೊಂಟ ಹಿಡಿಯಿತು. ಹತ್ತಿರದ ಔಷಧ ಅಂಗಡಿಗೆ ಹೋಗಿ ಸೊಂಟ ನೋವು ಎಂದರು. ಅಂಗಡಿಯವರು ಡೈಕ್ಲೊಫೆನಾಕ್ ಐದು ದಿನಕ್ಕೆ ಕೊಟ್ಟರು. "ಬೇರೆ ಯಾವ ಗುಳಿಗಿ ತಗೋತೀರಿ?" ಎಂದು ಅವರು ಕೇಳಲಿಲ್ಲ, ಕಾಕಾನೂ ಹೇಳಲಿಲ್ಲ.

ಬೆವರು ಒಂದು ಕಡೆ, ನೋವಿನ ಗುಳಿಗೆ ಇನ್ನೊಂದು ಕಡೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾದರಿಯ ನೋವಿನ ಗುಳಿಗೆಗಳು ಕಿಡ್ನಿಯ ರಕ್ತದ ಹರಿವನ್ನು ತಗ್ಗಿಸಿ, ಲಿಥಿಯಂ ಹೊರಗೆ ಹೋಗುವುದನ್ನು ಇನ್ನಷ್ಟು ತಡೆಯುತ್ತವೆ. ರಕ್ತದೊತ್ತಡದ ಕೆಲವು ಔಷಧಗಳೂ ಹಾಗೇ: ಎನಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್, ಮೂತ್ರ ಜಾಸ್ತಿ ಮಾಡುವ ಹೈಡ್ರೊಕ್ಲೋರೊಥಯಾಜೈಡ್. ಬಿಪಿ ಗುಳಿಗೆ ಬೇಕೇ ಬೇಕಾದವರಿಗೆ ಲಿಥಿಯಂ ಅಳೆದು ಪ್ರಮಾಣ ಹೊಂದಿಸುತ್ತಾರೆ, ಇಲ್ಲವೇ ಬೇರೆ ಬಿಪಿ ಗುಳಿಗೆ ಬರೆಯುತ್ತಾರೆ. ಅದಕ್ಕೆ ಬಿಪಿ ನೋಡುವ ಡಾಕ್ಟರಿಗೂ ಲಿಥಿಯಂ ವಿಷಯ ಗೊತ್ತಿರಬೇಕು. ಸಣ್ಣ ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದರಿಂದ ಈ ತೊಂದರೆ ಇಲ್ಲ.

ಹಾಗಾದರೆ ಉಪ್ಪು ಜಾಸ್ತಿ ತಿನ್ನಬೇಕಾ? ಬೇಡ. ಉಪ್ಪು ಒಮ್ಮೆಲೇ ಜಾಸ್ತಿಯಾದರೆ ಲಿಥಿಯಂ ಮೂತ್ರದಲ್ಲಿ ಹರಿದು ಹೋಗಿ ರಕ್ತದಲ್ಲಿ ಕಡಿಮೆಯಾಗುತ್ತದೆ, ಕಾಯಿಲೆ ತಿರುಗಿ ಬರಬಹುದು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯಲ್ಲಿ ದಿನಾ ಎಷ್ಟು ಉಪ್ಪೋ ಅಷ್ಟೇ ಇರಲಿ. ಒಮ್ಮೆಲೇ ಬಿಡುವುದೂ ಬೇಡ, ಒಮ್ಮೆಲೇ ಏರಿಸುವುದೂ ಬೇಡ. ನೀರು, ಮಜ್ಜಿಗೆ ಮಾತ್ರ ಬಿಸಿಲಿಗೆ ತಕ್ಕ ಹಾಗೆ ಜಾಸ್ತಿಯಾಗಬೇಕು. ನೀರೂ ಮುಟ್ಟದ ಉಪವಾಸ ಲಿಥಿಯಂ ತಗೊಳ್ಳುವವರಿಗೆ ಆಗಿಬರುವುದಿಲ್ಲ. ಶ್ರಾವಣ ಇರಲಿ, ರಂಜಾನ್ ಇರಲಿ, ಮೊದಲು ಡಾಕ್ಟರ ಹತ್ತಿರ ಮಾತಾಡಬೇಕು.

ಬೆರಳಿನ ಸಣ್ಣ ನಡುಕ, ಬಾಯಾರಿಕೆ, ಪದೇ ಪದೇ ಮೂತ್ರ, ಸ್ವಲ್ಪ ತೂಕ ಏರುವುದು ಲಿಥಿಯಂನ ಸಾಮಾನ್ಯ ಅಡ್ಡಪರಿಣಾಮಗಳು. ಇವನ್ನು ಮುಂದಿನ ಭೇಟಿಯಲ್ಲಿ ಹೇಳಿದರೆ ನಡೆಯುತ್ತದೆ. ಆದರೆ ಇಡೀ ಕೈ ಅಲುಗುವ ನಡುಕ, ವಾಂತಿ, ಭೇದಿ, ತೂರಾಟ, ತೊದಲು ಮಾತು, ಮಂಪರು ಕಂಡರೆ ಅದು ವಿಷವೇರುವ ಲಕ್ಷಣ. ಮುಂದಿನ ಗುಳಿಗೆ ನುಂಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡಬೇಕು. ಫೋನ್ ಸಿಗದಿದ್ದರೆ ಆ ಹೊತ್ತಿನ ಗುಳಿಗೆ ತಡೆದು ಸೀದಾ ಆಸ್ಪತ್ರೆಗೆ. ಕಾಕಾಗೆ ಮೂರು ದಿನ ಸಲೈನ್ ಹಾಕಿದರು, ಅದರಲ್ಲೇ ಇಳಿಯಿತು. ತೀರಾ ಏರಿದ್ದರೆ ಡಯಾಲಿಸಿಸ್ ಮಾಡಬೇಕಾಗುತ್ತದೆ.

ಇಷ್ಟೆಲ್ಲ ಕಾಟ ಇರುವ ಔಷಧವನ್ನು ಯಾಕೆ ಕೊಡಬೇಕು ಎಂದು ಚಿಗವ್ವ ಅವತ್ತು ಡಾಕ್ಟರನ್ನು ಕೇಳಿಯೇಬಿಟ್ಟಳು. ಅವರು ಸಮಾಧಾನದಿಂದ ಹೇಳಿದರು. ಬೈಪೋಲಾರ್‌ನಲ್ಲಿ ಜೀವ ತೆಗೆದುಕೊಳ್ಳುವವರು ಬಹಳ. ಅದನ್ನು ತಗ್ಗಿಸುವುದರಲ್ಲಿ ಲಿಥಿಯಂಗೆ ಇರುವಷ್ಟು ಬಲವಾದ ಪುರಾವೆ ಈ ಕಾಯಿಲೆಯ ಬೇರೆ ಯಾವ ಔಷಧಕ್ಕೂ ಇಲ್ಲ. "ಅಳದು ಕೊಟ್ರ ಇದರಂಥಾದ್ದು ಇನ್ನೊಂದಿಲ್ರಿ ಅವ್ವಾರ" ಎಂದರು. ಚಿಗವ್ವ ಆಮೇಲೆ ಆ ಪ್ರಶ್ನೆ ಕೇಳಿಲ್ಲ.

ಅಳೆಯುವುದು ಎಂದರೆ ರಕ್ತ ತಪಾಸಣೆ. ಇದಕ್ಕೆ ಒಂದು ಕ್ರಮವಿದೆ, ತಪ್ಪಿದರೆ ಅಂಕಿಯೇ ಸುಳ್ಳಾಗುತ್ತದೆ. ಕೊನೆಯ ಗುಳಿಗೆ ನುಂಗಿ 12 ಗಂಟೆಗೆ ರಕ್ತ ಕೊಡಬೇಕು. ಕಾಕಾ ರಾತ್ರಿ ಒಂಬತ್ತಕ್ಕೆ ಗುಳಿಗೆ ನುಂಗಿ, ಬೆಳಗಿನ ಬಸ್ಸು ಹಿಡಿದು ಒಂಬತ್ತಕ್ಕೆ ವಿಜಯಪುರದ ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಾರೆ. ಬೆಳಗಿನ ಗುಳಿಗೆ ಅಂಗಿಯ ಕಿಸೆಯಲ್ಲಿ, ಕಾಗದದಲ್ಲಿ ಸುತ್ತಿ. ರಕ್ತ ಕೊಟ್ಟಾದ ಮೇಲೆ ಪಕ್ಕದ ಅಂಗಡಿಯಲ್ಲಿ ಇಡ್ಲಿ ತಿಂದು ನುಂಗುತ್ತಾರೆ. ಶುರು ಮಾಡಿದಾಗ ಮತ್ತು ಪ್ರಮಾಣ ಬದಲಾದಾಗ ಒಂದು ವಾರಕ್ಕೆ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ಜೊತೆಗೆ ಆರು ತಿಂಗಳಿಗೊಮ್ಮೆ ಕಿಡ್ನಿಯ ಕ್ರಿಯಾಟಿನಿನ್ ಮತ್ತು ಥೈರಾಯ್ಡ್. ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಕೆಲಸವನ್ನು ಮಂದ ಮಾಡುತ್ತದೆ. ಹಾಗಾದರೆ ಅದಕ್ಕೆ ಬೇರೆ ಗುಳಿಗೆ ಇದೆ, ಲಿಥಿಯಂ ಬಿಡಬೇಕೆಂದೇನಿಲ್ಲ.

ಡಬ್ಬಿಯ ಇನ್ನೊಂದು ಖಾನೆಯಲ್ಲಿ ಮೂರ್ಛೆ ರೋಗದ ಔಷಧಗಳು. "ಫಿಟ್ಸ್ ಇಲ್ಲದವರಿಗೆ ಫಿಟ್ಸ್ ಗುಳಿಗೆ ಕೊಟ್ಟಿದ್ದಾರೆ" ಎಂದು ಸುಮ್ನೆ ಹೆದರಿ ನಿಲ್ಲಿಸಿದವರನ್ನು ನೋಡಿದ್ದೇನೆ. ಮೂರ್ಛೆಗೆ ಬರುವ ಕೆಲವು ಔಷಧಗಳು ಮನಸ್ಸಿನ ಏರಿಳಿತವನ್ನೂ ಹಿಡಿಯುತ್ತವೆ, ಅಷ್ಟೇ ಕಾರಣ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ವಾಲ್‌ಪ್ರೊಯೇಟ್. ಮೇನಿಯಾವನ್ನು ಬೇಗ ಇಳಿಸುತ್ತದೆ. ತೂಕ ಏರಬಹುದು, ಕೂದಲು ಉದುರಬಹುದು. ಯಕೃತ್ತು ಮತ್ತು ರಕ್ತದ ಪ್ಲೇಟ್‌ಲೆಟ್ ಮೇಲೆ ಕಣ್ಣಿಡಬೇಕು.

ಆದರೆ ವಾಲ್‌ಪ್ರೊಯೇಟ್ ಬಗ್ಗೆ ಹೆಣ್ಣುಮಕ್ಕಳ ಮನೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಬಸಿರಿನಲ್ಲಿ ಇದನ್ನು ತಗೊಂಡರೆ ಹತ್ತರಲ್ಲಿ ಒಂದು ಮಗುವಿಗೆ ಬೆನ್ನುಹುರಿ, ಹೃದಯ, ತುಟಿ ಮುಂತಾದ ಕಡೆ ಹುಟ್ಟುದೋಷ ಬರುತ್ತದೆ. ಹತ್ತರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಬುದ್ಧಿ, ಮಾತು, ಕಲಿಕೆಯ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಮಗು ಹೆರುವ ವಯಸ್ಸಿನವರಿಗೆ ಬೇರೆ ದಾರಿ ಇರುವಾಗ ಇದನ್ನು ಕೊಡಬಾರದು ಎನ್ನುವುದು ಈಗ ಎಲ್ಲ ಕಡೆ ಒಪ್ಪಿದ ಮಾತು.

ಬಾಗಲಕೋಟೆ ಕಡೆಯ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಇದನ್ನೇ ತಗೊಳ್ಳುತ್ತಿದ್ದಳು. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಹಿರಿಯರು ನಿಶ್ಚಯ ಮಾಡಿದರು. ಗಂಡಿನ ಮನೆಯವರಿಗೆ ಹೇಳಲಿಲ್ಲ. ಗುಳಿಗೆ ಪಟ್ಟಿಯನ್ನು ಹೊಸ ಇಲಕಲ್ ಸೀರೆಯ ಮಡಿಕೆಯೊಳಗೆ ಇಟ್ಟು ಕಳಿಸಿದರು. ತುಂಬಿದ ಮನೆಯಲ್ಲಿ ಪೆಟ್ಟಿಗೆ ತೆರೆದು ನುಂಗುವುದು ಹೇಗೆ? ನಿದ್ದೆಗೆಟ್ಟ ನಾಲ್ಕು ರಾತ್ರಿ, ಗುಳಿಗೆ ಇಲ್ಲದ ಎರಡು ವಾರ. ತಿಂಗಳೊಳಗೆ ಮೇನಿಯಾ. ಆಮೇಲೆ ಗಂಡನೇ ಅವಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. "ಮೊದ್ಲ ಹೇಳಿದ್ರ ನಾನs ದಿನಾ ಕೊಡ್ತಿದ್ನಲ್ಲ" ಎಂದನಂತೆ. ಮಕ್ಕಳ ವಿಚಾರ ಇದೆ ಎಂದು ತಿಳಿದ ಮೇಲೆ ಡಾಕ್ಟರು ಔಷಧ ಬದಲಿಸಿದರು. ಬಸಿರಾದ ಮೇಲೆ ಓಡುವುದಲ್ಲ, ಆರು ತಿಂಗಳು ಮೊದಲೇ ಈ ಮಾತು ಆಗಬೇಕು. ಬಸಿರು ನಿಂತದ್ದು ಗೊತ್ತಾಗಿ ಗಾಬರಿಯಲ್ಲಿ ಎಲ್ಲ ಗುಳಿಗೆ ಬಿಟ್ಟರೂ ಅಪಾಯವೇ. ಹೆರಿಗೆಯ ನಂತರದ ವಾರಗಳಲ್ಲಂತೂ ಈ ಕಾಯಿಲೆ ತಿರುಗಿ ಬರುವ ಸಾಧ್ಯತೆ ತುಂಬಾ ಜಾಸ್ತಿ.

ಲ್ಯಾಮೊಟ್ರಿಜಿನ್ ಇನ್ನೊಂದು. ಮೇನಿಯಾ ಇಳಿಸಲು ಇದು ಬರುವುದಿಲ್ಲ. ಖಿನ್ನತೆ ಮತ್ತೆ ಮತ್ತೆ ಬರುವುದನ್ನು ತಡೆಯುವುದು ಇದರ ಕೆಲಸ. ಸಾಮಾನ್ಯವಾಗಿ ತೂಕ ಏರಿಸುವುದಿಲ್ಲ, ಮಂಪರೂ ಕಡಿಮೆ. ಆದರೆ ಬಹಳ ನಿಧಾನವಾಗಿ ಏರಿಸಬೇಕು: ಮೊದಲ ಎರಡು ವಾರ ದಿನಕ್ಕೆ 25 ಮಿಲಿಗ್ರಾಂ, ಮುಂದಿನ ಎರಡು ವಾರ 50, ವಾಲ್‌ಪ್ರೊಯೇಟ್ ಜೊತೆಗಿದ್ದರೆ ಅದರ ಅರ್ಧ. ಅವಸರ ಮಾಡಿದರೆ ಮೈಮೇಲೆ ದದ್ದು ಎದ್ದು, ಕೆಲವೇ ಕೆಲವರಲ್ಲಿ ಚರ್ಮವೇ ಸುಲಿದು ಜೀವಕ್ಕೆ ಬರುತ್ತದೆ. ನಮ್ಮ ಬೇಸಿಗೆಯಲ್ಲಿ ಇದನ್ನು ಬೆವರುಗುಳ್ಳೆ ಎಂದು ಪೌಡರ್ ಹಚ್ಚಿ ಕೂರುವ ಅಪಾಯವಿದೆ. ಗುಳಿಗೆ ಶುರುವಾದ ಮೊದಲ ಎರಡು ತಿಂಗಳಲ್ಲಿ ದದ್ದು ಕಂಡರೆ, ಅದರಲ್ಲೂ ಬಾಯಿ, ಕಣ್ಣು ಹುಣ್ಣಾಗಿ ಜ್ವರ ಬಂದರೆ, ಅವತ್ತೇ ಡಾಕ್ಟರಿಗೆ ತೋರಿಸಬೇಕು. ಐದಾರು ದಿನ ತಪ್ಪಿ ಹೋದರೆ ಹಳೆಯ ಪ್ರಮಾಣಕ್ಕೆ ಜಿಗಿಯುವ ಹಾಗಿಲ್ಲ, ಡಾಕ್ಟರನ್ನು ಕೇಳಿ ಮೊದಲಿಂದ ಶುರು. ಕಾರ್ಬಮಜೆಪಿನ್ ಕೂಡ ಇದೇ ಖಾನೆಯದು. ಅದರಲ್ಲೂ ದದ್ದಿನ ಎಚ್ಚರ ಬೇಕು, ಗರ್ಭನಿರೋಧಕ ಗುಳಿಗೆಯ ಬಲವನ್ನೂ ಅದು ಕುಗ್ಗಿಸುತ್ತದೆ.

ಮೂರನೆಯ ಖಾನೆಯವನ್ನು ಆಂಟಿಸೈಕೋಟಿಕ್ ಎನ್ನುತ್ತಾರೆ: ಒಲಾಂಜಪಿನ್, ರಿಸ್ಪೆರಿಡೋನ್, ಕ್ವೆಟಿಯಾಪಿನ್, ಅರಿಪಿಪ್ರಜೋಲ್, ಹಳೆಯ ಹ್ಯಾಲೊಪೆರಿಡಾಲ್. ಇವು "ಹುಚ್ಚಿನ ಗುಳಿಗೆ" ಎಂಬ ಕೆಟ್ಟ ಹೆಸರು ಹೊತ್ತಿವೆ. ಆ ಮಾತು ನನಗೆ ಸಿಟ್ಟು ತರಿಸುತ್ತದೆ. ಲಿಥಿಯಂ ಮೇನಿಯಾವನ್ನು ಹಿಡಿಯಲು ಒಂದರಿಂದ ಮೂರು ವಾರ ಬೇಕು. ನಾಲ್ಕು ರಾತ್ರಿ ನಿದ್ದೆ ಇಲ್ಲದೆ, ಹೊಲ ಮಾರಲು ಹೊರಟ ಮನುಷ್ಯನನ್ನು ಅಲ್ಲಿಯವರೆಗೆ ಕಾಯುವವರು ಯಾರು? ಈ ಔಷಧಗಳು ಕೆಲವೇ ದಿನಗಳಲ್ಲಿ ಆ ವೇಗ ಇಳಿಸುತ್ತವೆ. ಕ್ವೆಟಿಯಾಪಿನ್‌ಗೆ ಇನ್ನೊಂದು ಗುಣ, ಬೈಪೋಲಾರ್‌ನ ಖಿನ್ನತೆಯನ್ನೂ ಅದು ಎತ್ತುತ್ತದೆ. ಕಷ್ಟ ಇರುವುದು ತೂಕ ಮತ್ತು ಸಕ್ಕರೆಯಲ್ಲಿ. ಒಲಾಂಜಪಿನ್ ತಗೊಂಡ ಆರು ತಿಂಗಳಲ್ಲಿ ಕಾಕಾ ಒಂಬತ್ತು ಕಿಲೋ ಏರಿದರು. ಹಸಿವು ತಡೆಯಲಾಗುತ್ತಿರಲಿಲ್ಲ. ಅದಕ್ಕೇ ಸೊಂಟದ ಸುತ್ತಳತೆ, ಸಕ್ಕರೆ, ಕೊಲೆಸ್ಟರಾಲ್ ನೋಡುತ್ತಿರಬೇಕು. ಆಮೇಲೆ ಡಾಕ್ಟರು ಅದನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು.

ಶುರುವಿನಲ್ಲಿ ನಿದ್ದೆಗೆ ಲೊರಜಪಾಮ್, ಕ್ಲೊನಜಪಾಮ್ ಕೊಡುವುದುಂಟು. ಚಟ ಹಿಡಿಯುವ ಭಯ ಇರುವುದು ಇವುಗಳಲ್ಲಿ, ಅದಕ್ಕೇ ಕೆಲವು ವಾರಕ್ಕೆ ಮಾತ್ರ. ಲಿಥಿಯಂ, ವಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್ ಚಟ ಹಿಡಿಸುವ ಔಷಧಗಳಲ್ಲ.

ಇನ್ನು ಎಲ್ಲ ಮನೆಯಲ್ಲೂ ಬರುವ ಪ್ರಶ್ನೆ. "ಆರಾಮ ಆಗೇನಿ, ಇನ್ನ ಗುಳಿಗಿ ಯಾಕ ಬೇಕು?" ಕಾಕಾನೂ ಕೇಳಿದ್ದರು, ಕೇಳಿ ಒಮ್ಮೆ ಬಿಟ್ಟೂ ಬಿಟ್ಟಿದ್ದರು. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳು ಮತ್ತೆ ಟ್ರ್ಯಾಕ್ಟರಿನ ಮಾತು ಶುರುವಾಯಿತು. ಜ್ವರದ ಗುಳಿಗೆ ಜ್ವರ ಹೋದ ಮೇಲೆ ಬೇಡ. ಇದು ಸಕ್ಕರೆ ಕಾಯಿಲೆಯ ಗುಳಿಗೆಯ ಹಾಗೆ. ಆರಾಮ ಇರುವುದೇ ಅದರಿಂದ. ಲಿಥಿಯಂ ಒಮ್ಮೆಲೇ ಬಿಟ್ಟರೆ ಮೇನಿಯಾ ಇನ್ನೂ ಬೇಗ ತಿರುಗುತ್ತದೆ. ನಿಲ್ಲಿಸಲೇಬೇಕಾದರೆ ಡಾಕ್ಟರ ಕಣ್ಣೆದುರು, ವಾರ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗಬೇಕು. ಯಾರಿಗೆ ಎಷ್ಟು ವರ್ಷ ಎನ್ನುವುದು ಎಷ್ಟು ಸಲ ಬಂದಿದೆ, ಎಷ್ಟು ಜೋರಾಗಿ ಬಂದಿದೆ ಎಂಬುದರ ಮೇಲೆ. ಮೂರು ಸಲ ಮಲಗಿ ಎದ್ದ ಕಾಕಾಗೆ ಡಾಕ್ಟರು ಜೀವನಪೂರ್ತಿ ಎಂದಿದ್ದಾರೆ.

ಹಣದ ಚಿಂತೆಗೆ ಔಷಧ ಬಿಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಇದೆ. ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಹತ್ತಿರ ಯಾರೂ ಇಲ್ಲದ ರಾತ್ರಿಗೆ ಟೆಲಿ ಮಾನಸ್ ಇದೆ, 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಆ ಏಪ್ರಿಲ್ ಆದ ಮೇಲೆ ಚಿಗವ್ವ ಒಂದು ರಟ್ಟಿನ ತುಂಡಿನ ಮೇಲೆ ನನ್ನಿಂದ ದಪ್ಪ ಅಕ್ಷರದಲ್ಲಿ ಬರೆಸಿದಳು: "ನಾನು ಲಿಥಿಯಂ ತಗೋತೀನಿ. ನೋವಿನ ಗುಳಿಗಿ ಕೊಡೂ ಮೊದ್ಲ ನನ್ನ ಡಾಕ್ಟರ್ನ ಕೇಳ್ರಿ." ಕೆಳಗೆ ಡಾಕ್ಟರ ಫೋನ್ ನಂಬರು. ಬೆವರಿಗೆ ಶಾಯಿ ಹರಡದಿರಲಿ ಎಂದು ಅದರ ಮೇಲೆ ಟೇಪು ಅಂಟಿಸಿದಳು. ಕಾಕಾ ಅದನ್ನು ಬಸ್ ಪಾಸಿನ ಜೊತೆ ಕಿಸೆಯಲ್ಲಿ ಇಟ್ಟುಕೊಂಡು ಶೆಡ್ಡಿಗೆ ಹೋಗುತ್ತಾರೆ. ರಟ್ಟಿನ ಹಿಂಭಾಗದಲ್ಲಿ ಪೆನ್ನಿನಿಂದ ಪ್ರತಿ ತಪಾಸಣೆಯ ತಾರೀಖು ಮತ್ತು ಅಂಕಿ ಬರೆಯುತ್ತಾ ಬಂದಿದ್ದಾರೆ. ಕೊನೆಯದು 0.7.